ಸಾವಕ್ಕ ಮತ್ತು ಸಿಪ್ಪೆ ಬಿಡದ ತತ್ತಿ

ಸಾವಕ್ಕ ತನ್ನ ಜನ್ಮದಲ್ಲಿ ತತ್ತಿಯ ರುಚಿ ನೋಡಿದವಳಲ್ಲ. ಆದರೂ ಇಚಲಕರಂಜಿಯ ನಮ್ಮ ಓಣಿಯಲ್ಲಿ ಯಾರಿಗಾದರೂ ಡಾಕ್ಟರು ತತ್ತಿ ತಿನ್ನಲು ಹೇಳಿದರೆ, ಅವರು ತತ್ತಿ ಎಂದರೆ ತತ್ತರಿಸುವ ಮನೆತನದವರಾಗಿದ್ದರೆ, ಆ ಮನೆಯ ಹೆಂಗಸರು ಸೆರಗು ಹೊದ್ದುಕೊಂಡು ಬರುತ್ತಿದ್ದದ್ದು ಸಾವಕ್ಕನ ಹಿತ್ತಲಿಗೆ. ಬಂದವರು ಯಾರೂ ಆ ಪದಾರ್ಥದ ಹೆಸರು ಹೇಳುತ್ತಿರಲಿಲ್ಲ. ‘ಡಾಕ್ಟರ ಗುಳಿಗಿ’ ಎನ್ನುತ್ತಿದ್ದರು. “ಗುಳಿಗಿ ಕುದಸೂದು ಹೆಂಗ್ರಿ, ಸಾವಕ್ಕಾರ?” ಎಂದು ಪಿಸುಮಾತಿನಲ್ಲಿ ಕೇಳುತ್ತಿದ್ದರು. ಪಿಸುಮಾತು ಎಂದರೆ ಸುತ್ತ ಪವರ್‌ಲೂಮುಗಳು ಹಗಲಿಡೀ ಖಟಖಟ ಬಡಿಯುವ ಊರಿನ ಪಿಸುಮಾತು. ಮೂರನೆಯ ಮನೆಯವರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಈ ವಿದ್ಯೆಯನ್ನು ಆಕೆ ಕಲಿತದ್ದು ಅರವತ್ತೆರಡನೆಯ ಇಸವಿಯ ಮಳೆಗಾಲದಲ್ಲಿ, ಗಂಡನನ್ನು ಉಳಿಸಿಕೊಳ್ಳುವುದಕ್ಕಾಗಿ.

ಗಂಡ ಭರಮಪ್ಪ ರಾಯಬಾಗದ ಕಡೆಯವನು. ಹೊಲ ಅಣ್ಣಂದಿರ ಪಾಲಿಗೆ ಹೋದಮೇಲೆ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಇಚಲಕರಂಜಿಗೆ ಬಂದು ಮಗ್ಗದ ಕೆಲಸಕ್ಕೆ ನಿಂತಿದ್ದ. ಮನೆಯಲ್ಲಿ ಮೂರೇ ಜನ. ತಾಯಿ ಅಕ್ಕವ್ವ ಬೆಳಿಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಹೆಂಗಸು. ಆಕೆಯ ಲೋಕದಲ್ಲಿ ದೇವರನ್ನು ಬಿಟ್ಟರೆ ಇದ್ದವು ಎರಡೇ, ಮಗ ಮತ್ತು ಮಗ್ಗ. ಆ ವರ್ಷ ಮಗ ಮಗ್ಗ ಬಿಟ್ಟು ಹಾಸಿಗೆ ಹಿಡಿದ. ಕೆಮ್ಮು ಮೊದಲು ಹತ್ತಿಯ ಧೂಳಿನದು ಎಂದುಕೊಂಡರು. ಆಮೇಲೆ ಧೂಳಿನ ಮೇಲೆ ತಪ್ಪು ಹೊರಿಸಲಾರದಷ್ಟು ಜೋರಾಯಿತು. ಕೆಮ್ಮಿದ ಬಟ್ಟೆಯಲ್ಲಿ ರಕ್ತ ಕಂಡ ದಿನ ಸಾವಕ್ಕ ಅವನನ್ನು ಎಸ್.ಟಿ. ಬಸ್ಸಿಗೆ ಹತ್ತಿಸಿಕೊಂಡು ಕೊಲ್ಲಾಪುರದ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಮರಾಠಿಯವರು. ಸೂಜಿ ಬರೆದುಕೊಟ್ಟರು, ಗುಳಿಗೆ ಬರೆದುಕೊಟ್ಟರು, ಕೊನೆಗೆ ಬೆರಳು ಮಡಚಿ ಹೇಳಿದರು: “ದೂಧ, ವಿಶ್ರಾಂತಿ, ಆಣಿ ರೋಜ್ ದೋನ್ ಅಂಡೀ.” ಹಾಲು, ವಿಶ್ರಾಂತಿ, ದಿನಕ್ಕೆರಡು ತತ್ತಿ.

ಭರಮಪ್ಪ ಕೊರಳಿಗೆ ಕೈ ಹಾಕಿ ಲಿಂಗ ಹಿಡಿದುಕೊಂಡ. “ಸಾಹೇಬ್ರ, ನಾವು ಲಿಂಗವಂತರ್ರೀ.”

ಡಾಕ್ಟರಿಗೆ ಅರೆಬರೆ ಕನ್ನಡವೂ ಬರುತ್ತಿತ್ತು. “ಲಿಂಗಕ್ಕ ಬ್ಯಾಡೋ ಬಾಬಾ, ನಿನಗ ಕೊಡಾಕತ್ತೇನಿ. ಕನ್ನಡಿ ನೋಡಿಯೇನ? ಎಲುಬು ಎಣಸಾಕ ಬರ್ತಾವ.” ಆಮೇಲೆ ಸಾವಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. “ಬಾಯಿ, ಸೂಜಿ ರೋಗಾ ಕೊಲ್ಲತೈತಿ. ಆದ್ರ ಮನಶ್ಯಾ ಉಳೀಬೇಕಂದ್ರ ಹೊಟ್ಟಿಗೆ ಏನರ ಹೋಗಬೇಕು. ಇವನ ಮೈಯಾಗ ಏನೂ ಉಳದಿಲ್ಲ.”

ಹಿಂದಿರುಗುವ ಬಸ್ಸಿನಲ್ಲಿ ಇಚಲಕರಂಜಿ ಸಮೀಪಿಸಿದಾಗ ಭರಮಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: “ಯವ್ವಗ ನೀ ಹೇಳು. ನನ್ನ ಕಡಿಂದ ಆಗಂಗಿಲ್ಲ.”

ಸಾವಕ್ಕ ಹೇಳಿದಳು. ಅಕ್ಕವ್ವ ಒಂದು ಹೊತ್ತು ಉಣ್ಣಲಿಲ್ಲ. ಮರುದಿನ ಪೂಜೆ ಮುಗಿಸಿ ಎದ್ದು, ಸೊಸೆಯ ಮುಖ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು: “ಔಷಧ ಅಂತ ತಗೋತಿದ್ರ ತಗೋಲಿ. ಆದ್ರ ಹೊಚ್ಚಲ ದಾಟಿ ಒಳಗ ಬರಬಾರದು. ಹಿತ್ತಲದಾಗ ಬೇವಿನ ಗಿಡದ ಬುಡಕ ಮೂರು ಕಲ್ಲ ಹೂಡು. ಗಡಿಗಿ ಅಲ್ಲೇ ಇರ್ಲಿ. ಸೋಮಾರ ಶಿವನ ವಾರ, ಅವತ್ತ ಒಲಿ ಹೂಡಬ್ಯಾಡ. ಆ ಸಿಪ್ಪಿ ಮುಟ್ಟಿದ ಕೈಲೆ ರೊಟ್ಟಿ ಬಡೀಬ್ಯಾಡ. ತಲಿಮ್ಯಾಲೆ ನೀರ ಹಾಕ್ಕೊಂಡ ಒಳಗ ಬಾ.”

ಭರಮಪ್ಪನೂ ಒಂದು ಷರತ್ತು ಹಾಕಿದ. “ನಾ ಅಗಿಯಂಗಿಲ್ಲ. ಅಗದ್ರ ತಿಂದಂಗ. ನುಂಗಿದ್ರ ಔಷಧ.”

ಇಡೀ ತತ್ತಿಯನ್ನು ನುಂಗುವುದು ಹಾವಿಗೆ ಸಾಧ್ಯ, ಭರಮಪ್ಪನಿಗಲ್ಲ. ಆದ್ದರಿಂದ ಸಾವಕ್ಕ ಒಂದು ಉಪಾಯ ಹುಡುಕಿದಳು. ಮಗ್ಗದ ಮನೆಯಿಂದ ತಂದ ಹಾಸಿನ ನೂಲನ್ನು ಬೆರಳಿಗೆ ಸುತ್ತಿ ಬಿಗಿಹಿಡಿದರೆ ಕುದಿಸಿದ ತತ್ತಿ ಬೆಣ್ಣೆಯಂತೆ ತುಂಡಾಗುತ್ತದೆ. ಗುಳಿಗೆಯಷ್ಟು ಸಣ್ಣ ಚೂರು ಮಾಡಿ ಹಾಲಿನ ಗುಟುಕಿನ ಜೊತೆ ಇಳಿಸಬಹುದು. ನೂಲು ಸಿದ್ಧವಾಯಿತು, ಗಡಿಗೆ ಸಿದ್ಧವಾಯಿತು, ಕಲ್ಲೂ ಕಟ್ಟಿಗೆಯೂ ಸಿದ್ಧವಾದವು. ಉಳಿದದ್ದು ತತ್ತಿ.

ತತ್ತಿ ಕೊಟ್ಟವಳು ಹಿತ್ತಲ ಗೋಡೆಯಾಚೆಯ ಇಂದುಬಾಯಿ. ಮರಾಠರ ಮನೆಯ ತುಂಬು ಹೆಂಗಸು. ಕೋಳಿ ಸಾಕಿ ಸಂತೆಯಲ್ಲಿ ತತ್ತಿ ಮಾರುತ್ತಿದ್ದಳು. ಸಂಗತಿ ಕೇಳಿ ಅವಳಿಗೆ ಕರುಳು ಚುರ್ ಎಂದಿತು. ಸಾವಕ್ಕನೂ ಸ್ಪಷ್ಟವಾಗಿ ಹೇಳಿದ್ದಳು: “ಇಂದುಬಾಯಾರ, ಬುಟ್ಟಿಯೊಳಗಿನ ಹಳೇವು ಬ್ಯಾಡ್ರಿ. ಜಡ್ಡಿನ ಮನಶ್ಯಾಗ ಕೊಡೂದೈತಿ. ಹೊಸಾವ ಬೇಕು.”

“ಅಗಬಾಯಿ! ನಿನಗ ನಾ ಹಳೇವು ಕೊಡ್ತೇನೇನ?” ಎಂದಳು ಇಂದುಬಾಯಿ. ಅಂದಿನಿಂದ ಸಂತೆಯ ಬುಟ್ಟಿಗೆ ಬೀಳುವ ಮೊದಲೇ, ಕೋಳಿ ಎದ್ದ ತಕ್ಷಣ ಗೂಡಿಗೆ ಕೈಹಾಕಿ ತೆಗೆದು, ಗೋಡೆಯ ಮೇಲಿಂದ ಚಾಚುತ್ತಿದ್ದಳು. “ಹಿಡಿ ಗ ಸಾವಕ್ಕಾ, ಮುಟ್ಟಿ ನೋಡು, ಇನ್ನೂ ಬಿಸಿ ಐತಿ!”

ಸಾವಕ್ಕ ಹುಟ್ಟಿದ್ದು ಗಡಹಿಂಗ್ಲಜದ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯಲ್ಲಿ. ಅಲ್ಲಿ ಎಮ್ಮೆಯ ನೊರೆಹಾಲೇ ಹಾಲು, ಅಂದು ಕಡೆದದ್ದೇ ಬೆಣ್ಣೆ, ಅಂದು ಹರಿದದ್ದೇ ಕಾಯಿಪಲ್ಯ. ನಿನ್ನೆಯದು ಎಂದರೆ ದನದ ಪಾಲು. ಹಾಲಿಗೆ ಹೇಗೋ ತತ್ತಿಗೂ ಹಾಗೆಯೇ ಎಂದು ಅವಳು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಲು ಕುಡಿಯುವವರ ಮನೆಯ ತರ್ಕ ಅದು. ತತ್ತಿಯ ತರ್ಕ ಬೇರೆ ಇರಬಹುದು ಎಂದು ಹೇಳಿಕೊಡಲು ಅವಳ ಬಳಗದಲ್ಲಿ ಒಬ್ಬರೂ ತತ್ತಿ ತಿಂದವರಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ನಮಗಾದರೂ ಏನು ಗೊತ್ತಿತ್ತು? ಈಸ್ಟರಿಗೆ ಸಿಸ್ಟರು ಬಣ್ಣ ಬಳಿದು ಕೈಗಿಡುತ್ತಿದ್ದರು, ನಾವು ಒಡೆದು ನುಂಗುತ್ತಿದ್ದೆವು. ಸಿಪ್ಪೆಯ ಹಿಂದೆ ಇಷ್ಟೊಂದು ಸಂಕಟ ಇರಬಹುದೆಂದು ಯಾವ ಸಿಸ್ಟರೂ ಪಾಠ ಮಾಡಿರಲಿಲ್ಲ.

ಮೊದಲ ದಿನ ಸಾವಕ್ಕ ಬಟಾಟಿ ಕುದಿಸುವಂತೆ ತಣ್ಣೀರಿನಲ್ಲಿ ತತ್ತಿಯಿಟ್ಟು ಒಲೆ ಹೊತ್ತಿಸಿದಳು. ಹಸಿ ಕಟ್ಟಿಗೆ, ಹೊಗೆಯೇ ಹೆಚ್ಚು. ಬೆಂದಮೇಲೆ ಸಿಪ್ಪೆಗೆ ಉಗುರು ಹಾಕಿದಳು. ಒಂದು ಚೂರು ಬಂತು, ಅದರ ಜೊತೆ ಬಿಳಿಯ ತಿರುಳಿನ ಒಂದು ಹೋಳೂ ಬಂತು. ಇನ್ನೊಂದು ಕಡೆ ಎಳೆದಳು. ಅಲ್ಲಿಯೂ ಹಾಗೆಯೇ. ಸಿಪ್ಪೆಯ ಒಳಗಿನ ಪೊರೆ ತಿರುಳನ್ನು ಅವುಚಿಕೊಂಡು ಬಿಡಲೊಲ್ಲದು. ಬಹಳ ಹೊತ್ತಿನ ಗುದ್ದಾಟದ ಮೇಲೆ ಕೈಯಲ್ಲಿ ಉಳಿದದ್ದು ಇಲಿ ಕಡಿದಂಥ ಒಂದು ಮುದ್ದೆ. ಒಂದು ಕಡೆ ಹಳದಿ ಹಣಿಕಿ ಹಾಕುತ್ತಿತ್ತು. ನೂಲು ಹಾಕಿದರೆ ಚೂರಾಗಲಿಲ್ಲ, ಪುಡಿಯಾಯಿತು.

ಭರಮಪ್ಪ ಕಣ್ಣುಮುಚ್ಚಿ ಬಾಯಿ ತೆರೆದ. ಪುಡಿ ನಾಲಿಗೆಗೆ ಅಂಟಿತು. ಹಾಲು ಕುಡಿದ. ಎಲ್ಲೋ ಅಡಗಿದ್ದ ಸಿಪ್ಪೆಯ ಚೂರೊಂದು ಹಲ್ಲಿನ ನಡುವೆ ಕರಕ್ ಎಂದಿತು. ಅಷ್ಟೇ. ಹಾಲು, ಔಷಧ, ಬೆಳಿಗ್ಗೆಯ ಗಂಜಿ ಎಲ್ಲ ಹೊರಗೆ ಬಂತು. ಅದರ ಹಿಂದೆಯೇ ಕೆಮ್ಮು.

“ಬ್ಯಾಡ,” ಎಂದ, ಉಸಿರು ಸಿಕ್ಕಾಗ. “ಸತ್ತರ ಸಾಯ್ತೇನಿ. ಇದು ಬ್ಯಾಡ.”

ಒಳಗೆ ಅಕ್ಕವ್ವ ಎದ್ದು ದೇವರ ಮುಂದೆ ಇನ್ನೊಂದು ದೀಪ ಹಚ್ಚಿದಳು.

ಅಂದಿನಿಂದ ಅವಳ ಗುರಿ ಒಂದೇ ಆಯಿತು, ಒಂದು ತತ್ತಿಯನ್ನು ಗಾಯವಿಲ್ಲದೆ ಬಿಡಿಸುವುದು. ಗಂಡನಿಗೆ ಅಸಹ್ಯವಾಗದ ಹಾಗೆ, ನುಣ್ಣಗೆ, ಬೆಳ್ಳಗೆ. ಕಂಡವರನ್ನೆಲ್ಲ ಕೇಳಿದಳು. ಕುದಿದ ಕೂಡಲೇ ತಣ್ಣೀರಿಗೆ ಹಾಕು ಎಂದರು, ಹಾಕಿದಳು. ಕಲ್ಲಿನ ಮೇಲೆ ಉರುಳಿಸು ಎಂದರು, ಉರುಳಿಸಿದಳು. ನೀರೊಳಗೆ ಹಿಡಿದು ಬಿಡಿಸು ಎಂದರು, ಬಿಡಿಸಿದಳು. ಸುಣ್ಣದ ನೀರಿನಲ್ಲಿ ಕುದಿಸು ಎಂದವರೂ ಇದ್ದರು. ಬೆರಳು ಸುಟ್ಟುಕೊಂಡದ್ದಷ್ಟೇ ಲಾಭ. ಒಂದೊಂದು ಉಪಾಯದಿಂದ ಗಾಯ ಒಂದೊಂದು ಕಾಳಿನಷ್ಟು ಕಡಿಮೆಯಾಯಿತೇ ಹೊರತು ತತ್ತಿ ಇಡಿಯಾಗಿ ಬರಲಿಲ್ಲ. ಪ್ರತಿ ಸಲವೂ ತಲೆಯ ಮೇಲೆ ತಣ್ಣೀರು. ಆ ಮಳೆಗಾಲದಲ್ಲಿ ಸಾವಕ್ಕನ ಕೂದಲು ಒಣಗಿದ್ದನ್ನು ಯಾರೂ ನೋಡಲಿಲ್ಲ.

ಇಂದುಬಾಯಿಗೆ ಇದು ಅರ್ಥವೇ ಆಗಲಿಲ್ಲ. “ನಮ್ಮ ಮನ್ಯಾಗ ಸರಸರ ಬಿಡ್ತಾವಲ್ಲ! ನಿನ್ನ ಕೈಯಾಗ ಹೋಗಿ ಯಾಕ ಮುನಸ್ಕೊಂತಾವ? ಅವುಕ್ಕೂ ನೀ ಲಿಂಗವಂತರಾಕಿ ಅಂತ ಗೊತ್ತಾಗತೈತೇನ?”

“ನಗಬ್ಯಾಡ್ರಿ ಇಂದುಬಾಯಾರ. ನನ್ನ ಗಂಡ ಕರಗಾಕತ್ತಾನ,” ಎಂದಳು ಸಾವಕ್ಕ.

ನಗು ನಿಂತಿತು. ಮರುದಿನ ಇಂದುಬಾಯಿ ಇನ್ನೂ ಬಿಸಿಯಾದ ತತ್ತಿ ಕೊಟ್ಟಳು. ಅವಳ ಮನೆಯವರು ತಿನ್ನುತ್ತಿದ್ದದ್ದು ಸಂತೆಯಲ್ಲಿ ಮಾರಿ ಉಳಿದ, ಬುಟ್ಟಿಯ ತಳದ ಹಳೆಯ ತತ್ತಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಇವಳ ಆಸ್ಥೆಗೆ ಅವಳ ಪ್ರೀತಿ ಕೂಡಿ, ಇಬ್ಬರೂ ಸೇರಿ ಭರಮಪ್ಪನನ್ನು ಉಪವಾಸ ಕೆಡವಿದ್ದರು.

ಅಷ್ಟರಲ್ಲಿ ಶ್ರಾವಣ ಬಂತು.

ಶ್ರಾವಣದಲ್ಲಿ ನಮ್ಮ ಸೀಮೆಯಲ್ಲಿ ಮಾಂಸ ತಿನ್ನುವವರೂ ತಿನ್ನುವುದಿಲ್ಲ. ಇಂದುಬಾಯಿಯ ಮನೆಯಲ್ಲೇ ತತ್ತಿ ಬಂದ್. ಇನ್ನು ಅಕ್ಕವ್ವ ಸುಮ್ಮನಿರುವಳೇ? “ಪಂಚಮಿ ದಾಟೂತನಾ ಹಿತ್ತಲದಾಗ ಒಲಿ ಹೂಡಬ್ಯಾಡ,” ಎಂದಳು. ಸಾವಕ್ಕ ಎದುರಾಡಲಿಲ್ಲ. ಹೂಡಿ ತಾನೇ ಏನು ಮಾಡುವುದಿತ್ತು? ಗಂಡ ಬಾಯಿ ತೆರೆಯುತ್ತಿರಲಿಲ್ಲ.

ಪಂಚಮಿಗೆ ತವರಿಗೆ ಕರೆದೊಯ್ಯಲು ಗಡಹಿಂಗ್ಲಜದಿಂದ ತಮ್ಮ ಜೋತಿಬಾ ಬಂದ. ಉಂಡಿಯ ಗಂಟು ಕೆಳಗಿಟ್ಟು, ಹಾಸಿಗೆಯ ಮೇಲಿದ್ದ ಭಾವನನ್ನು ನೋಡಿ, ಕರೆಯಬೇಕೆಂದಿದ್ದ ಮಾತನ್ನು ಬಾಯಲ್ಲೇ ಇಟ್ಟುಕೊಂಡ.

“ಅಕ್ಕಾ, ಭಾವ ಭಾಳ ಇಳದಾನಲ್ಲ?”

“ಹೂಂ.”

“ಜೋಕಾಲಿ ಕಟ್ಟೇವಿ. ನೀ ಬರ್ತಿ ಅಂತ ಅವ್ವ ಹಗ್ಗ ಹೊಸಾದು ತರಿಸ್ಯಾಳ.”

“ನಿನ್ನ ಹೇಣ್ತಿನ್ನ ಕುಂಡರ್ಸು ಹೋಗು,” ಎಂದಳು ಸಾವಕ್ಕ. ಲಗ್ನವಾದಾಗಿನಿಂದ ಅವಳು ತಪ್ಪಿಸಿದ ಮೊದಲ ಪಂಚಮಿ ಅದು. ತಮ್ಮನನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೋದವಳು ಬರುವಾಗ ಅತ್ತಿದ್ದಳು ಎಂಬುದು ಅಕ್ಕವ್ವನಿಗೆ ಕಂಡಿತು. ಅಕ್ಕವ್ವ ಅತ್ತೆಯಾದರೂ ಅತ್ತವರನ್ನು ಗುರುತಿಸುತ್ತಿದ್ದಳು. ಅಂದು ರಾತ್ರಿಯ ರೊಟ್ಟಿ ತಾನೇ ಬಡಿದಳು.

ಪಂಚಮಿ ದಾಟಿತು. ಭರಮಪ್ಪ ಈಗ ಗೋಡೆ ಹಿಡಿಯದೆ ಏಳುತ್ತಿರಲಿಲ್ಲ. ಸೂಜಿ ಚುಚ್ಚಲು ಬರುತ್ತಿದ್ದ ಕಾಂಪೌಂಡರು ತೋಳಿನಲ್ಲಿ ಮಾಂಸ ಹುಡುಕಿ ಬೇಸತ್ತು, “ಎಲ್ಲಿ ಚುಚ್ಚೂದವ್ವಾ?” ಎಂದು ಕೇಳಿದ. ಆ ಮಾತು ಕೇಳಿ ಸಾವಕ್ಕ ಗೋಡೆಯ ಹತ್ತಿರ ಓಡಿದಳು.

“ಇಂದುಬಾಯಾರ, ಇವತ್ತಿಂದು ಒಂದೆರಡು ಕೊಡ್ರಿ.”

“ಇವತ್ತಿಂದು ಎಲ್ಲಿಂದ ತರ್ಲಿ? ಕೋಳಿ ಕಾವಿಗೆ ಕುಂತಾವ. ಶ್ರಾವಣದಾಗ ಯಾರೂ ತಗೋಲಿಲ್ಲ, ಬುಟ್ಟಿ ತುಂಬ ಹಳೇವ ಅದಾವ. ಬೇಕಂದ್ರ ಒಯ್ಯಿ.”

“ಹಳೇವು? ಜಡ್ಡಿನವಗ?”

“ಕೆಟ್ಟಾವೋ ಇಲ್ಲೋ ನೋಡೂಣಲ್ಲ.” ಇಂದುಬಾಯಿ ಒಂದು ಬೋಗುಣಿಯಲ್ಲಿ ನೀರು ತಂದು ತತ್ತಿಗಳನ್ನು ಒಂದೊಂದಾಗಿ ಬಿಟ್ಟಳು. “ತೇಲಿದ್ದು ಕೆಟ್ಟಿದ್ದು, ಒಗದ ಬಿಡು. ತಳಕ್ಕ ಮಲಗಿದ್ದು ಹೊಸಾದು. ಇವು ನೋಡು, ತಳದಾಗ ಇದ್ದೂ ಎದ್ದು ನಿಂತಾವ. ಹಳೇವು, ಆದ್ರ ಚೊಲೋ ಅದಾವ.”

ಬೇರೆ ದಾರಿಯಿರಲಿಲ್ಲ. ಎದ್ದು ನಿಂತ ತತ್ತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಈ ಸಲ ಒಲೆಯ ಮೇಲೆ ನೀರು ಮೊದಲೇ ಕುದಿಯುತ್ತಿತ್ತು. ಕಟ್ಟಿಗೆಯ ಹುಟ್ಟಿನಿಂದ ತತ್ತಿಗಳನ್ನು ಮೆಲ್ಲಗೆ ಇಳಿಬಿಟ್ಟಳು. ಬೆಂದಮೇಲೆ ತಣ್ಣೀರಿಗೆ ಹಾಕಿ, ಒಂದನ್ನು ಎತ್ತಿ ದಪ್ಪ ತುದಿಯನ್ನು ಕಲ್ಲಿಗೆ ತಟ್ಟಿದಳು. ಅಲ್ಲಿ ಒಳಗೆ ಪೊಳ್ಳಾಗಿತ್ತು, ಬೆರಳ ತುದಿ ಹೋಗುವಷ್ಟು. ಬೆರಳು ಸರಿಸಿದಳು. ಸಿಪ್ಪೆ ಪೊರೆಯ ಸಮೇತ, ಕುಪ್ಪಸದ ತೋಳು ಜಾರಿದಂತೆ ಜಾರಿತು. ಇನ್ನೊಂದು ಎಳೆತ. ಮುಗಿಯಿತು.

ಅಂಗೈಯಲ್ಲಿ ಕೂತಿತ್ತು, ಒಂದು ಗೀರಿಲ್ಲದೆ. ಹುಪರಿಯ ಅಕ್ಕಸಾಲಿಗರು ಬೆಳ್ಳಿಗೆ ಕೊಡುವ ಮೆರುಗು ಅದಕ್ಕಿತ್ತು.

ಸಾವಕ್ಕನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇಷ್ಟು ದಿನ ಜೀವ ತಿಂದದ್ದು ಇವತ್ತು ಇಷ್ಟು ಸರಳವಾಗಿ ಬಂತೆಂದರೆ ಒಳಗೆ ಏನೋ ಕೊಳೆತಿದೆ. ಹೊಸದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಕೆಟ್ಟದ್ದು ಸಡಿಲವಾಗುತ್ತದೆ. ಕಾಯಿಪಲ್ಯವೂ ಹಾಗೆಯೇ, ಮನುಷ್ಯರ ಮೈಯೂ ಹಾಗೆಯೇ. ಮೂಸಿ ನೋಡಿದಳು. ತತ್ತಿಯ ವಾಸನೆ ಅವಳಿಗೆ ಯಾವಾಗಲೂ ಕೆಟ್ಟದ್ದೇ. ಒಳ್ಳೆಯ ಕೆಟ್ಟದ್ದು ಯಾವುದು, ಕೆಟ್ಟ ಕೆಟ್ಟದ್ದು ಯಾವುದು, ಹೇಗೆ ತಿಳಿಯಬೇಕು? ಕೊಟ್ಟರೆ ಗಂಡನ ಹೊಟ್ಟೆ ಕೆಟ್ಟು ಇದ್ದ ಜೀವವೂ ಹೋದೀತು. ಕೊಡದಿದ್ದರೆ ಹೇಗೂ ಹೋಗುವುದು ಕಾಣುತ್ತಲೇ ಇದೆ. ಕೈಯಲ್ಲಿ ತತ್ತಿ ಹಿಡಿದುಕೊಂಡು ಬೇವಿನ ಬುಡದಲ್ಲಿ ಕಂಬದಂತೆ ನಿಂತಳು. ಕೊನೆಗೆ ತಿಪ್ಪೆಗೆ ಎಸೆಯಲು ಕೈ ಎತ್ತಿದಳು.

“ಯಾಕ ಒಗ್ಯಾಕತ್ತಿ?”

ಹಿತ್ತಲ ಬಾಗಿಲ ಹೊಚ್ಚಲಿನ ಒಳಗೆ ಅಕ್ಕವ್ವ ನಿಂತಿದ್ದಳು. ಅಷ್ಟು ದಿನದಲ್ಲಿ ಆಕೆ ಆ ಕಡೆ ಮುಖ ಮಾಡಿ ನಿಂತದ್ದು ಅದೇ ಮೊದಲು.

“ಕೆಟ್ಟೈತಿ ಕಾಣಸ್ತೈತ್ರಿ ಅತ್ತಿ. ಹಳೇದು. ಸಿಪ್ಪಿ ತಾನ ಬಿಟ್ಟ ಬಂತು.”

ಅಕ್ಕವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಕತ್ತು ಚಾಚಿದಳು. ಬಹಳ ಹೊತ್ತು ನೋಡಿದಳು. ತತ್ತಿಯ ವಿಷಯ ಆಕೆಗೆ ಏನೂ ಗೊತ್ತಿರಲಿಲ್ಲ. ಆದರೆ ರಾಯಬಾಗದ ಹೊಲದ ಬದುವಿನಲ್ಲಿ ಆಕೆಯ ದೊಡ್ಡ ಹುಣಸೆಮರಗಳಿದ್ದವು; ಪ್ರತಿ ವರ್ಷ ಚಳಿಗಾಲ ಮುಗಿಯುವಾಗ ಹುಣಸೆ ಬಡಿದು, ಸಿಪ್ಪೆ ತೆಗೆದು ಮುದುಕಿಯಾದ ಕೈ ಅದು.

“ಹಸೀ ಹುಣಸಿಕಾಯಿ ಸಿಪ್ಪಿ ಬಿಡ್ತೈತೇನ?” ಎಂದು ಕೇಳಿದಳು.

“ಇಲ್ರಿ. ತಿರಳಿಗಿ ಅಂಟಿಕೊಂಡಿರತೈತಿ.”

“ಮಾಗಿದ್ದು?”

“ಒಳಗ ಬ್ಯಾರೆ ಆಗಿ ಗುಲುಗುಲು ಅಂತೈತ್ರಿ. ಹಿಚಕಿದ್ರ ಸಿಪ್ಪಿ ಬೀಳತೈತಿ.”

“ಅದು ಕೆಟ್ಟಿರತೈತೇನ?”

ಸಾವಕ್ಕ ಎತ್ತಿದ ಕೈಯನ್ನು ಕೆಳಗಿಳಿಸಿದಳು.

“ಇದು ಮಾಗೇತಿ,” ಎಂದಳು ಅಕ್ಕವ್ವ. “ಒಳಗ ಕುಗ್ಗಿ ಸಿಪ್ಪಿ ಬಿಟ್ಟೈತಿ, ಅಷ್ಟ. ನೀ ಇಷ್ಟ ದಿನಾ ಹಸೀಕಾಯಿ ಸುಲ್ಯಾಕ ಹತ್ತಿದ್ದಿ.” ಹೇಳಿದ ಮೇಲೆ ತಾನು ಏನು ಮಾತಾಡಿದೆ ಎಂಬುದು ಆಕೆಗೇ ಹೊಳೆದಿರಬೇಕು. “ಶಿವಶಿವಾ” ಎನ್ನುತ್ತ ಒಳಗೆ ಹೋಗಿಬಿಟ್ಟಳು.

ಸಾವಕ್ಕ ನೂಲು ಬಿಗಿದಳು. ನುಣ್ಣನೆಯ ಚೂರುಗಳು ಒಂದರ ಪಕ್ಕ ಒಂದು ಬಿದ್ದವು. ತಟ್ಟೆಯನ್ನು ಮುಂದೆ ಹಿಡಿದಾಗ ಭರಮಪ್ಪ ಮುಖ ತಿರುಗಿಸಲು ಹೋದವನು, ಮತ್ತೆ ನೋಡಿದ.

“ಇದೇನು? ಮೊದಲಿನಂಗ ಕಾಣಂಗಿಲ್ಲಲ್ಲ.”

“ಬ್ಯಾರೆ ಔಷಧ. ಕಣ್ಣು ಮುಚ್ಚರಿ.”

ನುಂಗಿದ. ಹಾಲು ಕುಡಿದ. ಸಾವಕ್ಕ ಬೋಗುಣಿ ಹಿಡಿದು ಪಕ್ಕದಲ್ಲೇ ಕೂತಳು. ಒಳಗಿನದು ಒಳಗೇ ಉಳಿಯಿತು. ಸಂಜೆಯೂ ಉಳಿಯಿತು. ಮರುದಿನ ಇನ್ನೊಂದು ಇಳಿಯಿತು.

ಅಂದಿನಿಂದ ಸಾವಕ್ಕ ಇಂದುಬಾಯಿಗೆ ಉಲ್ಟಾ ಹೇಳತೊಡಗಿದಳು: “ಬಿಸೀವು ಬ್ಯಾಡ್ರಿ, ವಾರ ದಾಟಿದ್ದು ಕೊಡ್ರಿ.” ಇಂದುಬಾಯಿ ಹಣೆ ಚಚ್ಚಿಕೊಂಡು ಬೇರೆ ಬುಟ್ಟಿ ಇಟ್ಟಳು. ಅದಕ್ಕೆ ಭರಮಪ್ಪನ ಬುಟ್ಟಿ ಎಂದೇ ಹೆಸರಾಯಿತು. ಸೋಮವಾರ ಒಲೆ ಹೂಡಬಾರದು ಎಂಬ ಅಕ್ಕವ್ವನ ಕಾಯಿದೆ ಮಾತ್ರ ಮುರಿಯಲಿಲ್ಲ, ತಲೆಸ್ನಾನವೂ ತಪ್ಪಲಿಲ್ಲ. ಆದರೆ ಸ್ನಾನಕ್ಕೆ ಹೋದಾಗ ಬಚ್ಚಲಿನಲ್ಲಿ ಬಿಸಿನೀರು ತೋಡಿಟ್ಟಿರುತ್ತಿತ್ತು. ಯಾರು ತೋಡಿದರು ಎಂದು ಸೊಸೆ ಕೇಳಲಿಲ್ಲ, ಅತ್ತೆ ಹೇಳಲಿಲ್ಲ.

ದಸರೆಯ ಹೊತ್ತಿಗೆ ಕಾಂಪೌಂಡರಿಗೆ ಸೂಜಿ ಚುಚ್ಚಲು ಜಾಗ ಸಿಗತೊಡಗಿತು. ಭರಮಪ್ಪ ಕಟ್ಟೆಯವರೆಗೆ ತಾನೇ ನಡೆದು ಬಂದು ಕೂರುತ್ತಿದ್ದ. ಆದರೆ ಮುಖದಲ್ಲಿ ಇನ್ನೂ ಆಸೆ ಬಂದಿರಲಿಲ್ಲ. ಕೊಟ್ಟದ್ದು ನುಂಗುತ್ತಿದ್ದ, ಹೇಳಿದಂತೆ ಮಲಗುತ್ತಿದ್ದ. ಬದುಕುವುದೂ ಡಾಕ್ಟರು ಬರೆದುಕೊಟ್ಟ ಇನ್ನೊಂದು ಔಷಧ ಎಂಬಂತೆ. ಸಾವಕ್ಕನಿಗೆ ಅದೇ ಚಿಂತೆ. ಮೈ ಬಂತು, ಮನುಷ್ಯ ಇನ್ನೂ ಬಂದಿಲ್ಲ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದ. ಚೂರನ್ನು ಬಾಯಿಗೆ ಹಾಕಿಕೊಂಡವನು ಹಾಲಿನ ಲೋಟಕ್ಕೆ ಕೈ ಚಾಚಲಿಲ್ಲ. ದವಡೆ ಮೆಲ್ಲಗೆ ಆಡಿತು. ಒಮ್ಮೆ. ಮತ್ತೊಮ್ಮೆ. ಸಾವಕ್ಕ ನೂಲು ಹಿಡಿದ ಕೈಯನ್ನು ಅಲ್ಲಿಯೇ ನಿಲ್ಲಿಸಿದಳು.

“ಸಪ್ಪಗೈತಿ,” ಎಂದ ಭರಮಪ್ಪ.

“ಏನಂದ್ರಿ?”

“ಒಂಚೂರು ಉಪ್ಪ ಇದ್ರ ತಾ.”

ಒಳಗೆ ಬತ್ತಿ ಹೊಸೆಯುತ್ತಿದ್ದ ಅಕ್ಕವ್ವನಿಗೆ ಅದು ಕೇಳಿಸಿತು. “ಔಷಧಕ್ಕ ಉಪ್ಪು ಯಾರ ಕೇಳ್ತಾರೋ?” ಎಂದಳು ಅಲ್ಲಿಂದಲೇ.

ಭರಮಪ್ಪ ತಲೆ ತಗ್ಗಿಸಿದ. ಸಿಕ್ಕಿಬಿದ್ದ ಕಳ್ಳನ ಮುಖ. ಆದರೆ ದವಡೆ ನಿಲ್ಲಲಿಲ್ಲ. “ಹಸಿವಿ ಆಗೇತ್ಯವ್ವಾ,” ಎಂದ.

ಸಾವಕ್ಕ ಎದ್ದು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅಕ್ಕವ್ವ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಅಡಿಗೆಮನೆಯ ಉಪ್ಪಿನ ಗಡಿಗೆ. ಸೊಂಟ ಬಗ್ಗಿಸಿ ಅದನ್ನು ಹೊಚ್ಚಲಿನಾಚೆ ಇಟ್ಟಳು, ಬೇವಿನ ಒಲೆಯ ಕಡೆಗೆ ಒಂದಿಷ್ಟು ಸರಿಸಿದಳು.

“ತಿರಗಿ ಒಳಗ ತರಬ್ಯಾಡ. ಸಂತಿಗಿ ಹೋದಾಗ ಬ್ಯಾರೆ ಗಡಿಗಿ ತರಿಸ್ತೇನಿ,” ಎಂದಳು.

ಮತ್ತೆ ಒಳಗೆ ಹೋದಳು. ಸ್ವಲ್ಪ ಹೊತ್ತು ಬತ್ತಿ ಹೊಸೆದಳು. ಆಮೇಲೆ ಅಲ್ಲಿಂದಲೇ ದನಿ ಬಂತು:

“ಏ ಸಾವಕ್ಕಾ, ಕೆಂಪ ಖಾರಾನೂ ಬೇಕೇನ ಕೇಳ ಅವಗ.”